ತಲೆಬರಹದಲ್ಲಿ ಗೆದ್ದ ಯುದ್ಧಗಳು

ಯುದ್ಧಕಾಲದ ಹಳೆಯ ಪತ್ರಿಕೆಗಳ ತಲೆಬರಹಗಳನ್ನು ಇಂದು ಓದುವವರಿಗೆ ಮೊದಲು ಬರುವುದು ನಗೆ. 1914ರಲ್ಲಿ ಎಚ್. ಜಿ. ವೆಲ್ಸ್ ತನ್ನ ಪತ್ರಿಕಾ ಲೇಖನವೊಂದಕ್ಕೆ ‘ಯುದ್ಧವನ್ನು ಕೊನೆಗಾಣಿಸುವ ಯುದ್ಧ’ ಎಂಬರ್ಥದ ಶೀರ್ಷಿಕೆ ಕೊಟ್ಟನು. ಕೊನೆಯದೆಂದು ಹೊಗಳಿಸಿಕೊಂಡ ಆ ಯುದ್ಧವೇ, ಎರಡನೆಯದು ಬಂದ ಮೇಲೆ, ‘ಮೊದಲನೆಯದು’ ಎಂದು ಲೋಕರೂಢಿಗೆ ಬಂದಿತು. 1939ರ ಆಗಸ್ಟ್ 7ರಂದು ಲಂಡನ್ನಿನ ‘ಡೈಲಿ ಎಕ್ಸ್‌ಪ್ರೆಸ್’ ಈ ವರ್ಷ ಯುದ್ಧವಿಲ್ಲವೆಂದು ದಪ್ಪಕ್ಷರಗಳಲ್ಲಿ ಸಾರಿತು. 25 ದಿನಗಳಲ್ಲಿ ಜರ್ಮನಿಯ ಸೇನೆ ಪೋಲೆಂಡಿನೊಳಕ್ಕೆ ನುಗ್ಗಿತು.

ಕೆಲವು ಸುದ್ದಿಗಳಿಗಾದರೋ ಸುದ್ದಿಯ ವಸ್ತುವಿಗಿಂತ ಆಯುಸ್ಸು ಹೆಚ್ಚು. 1914ರ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಮೇಲೆ ಗುಂಡು ಹಾರಿಸಿದ ‘ಎಂಡನ್’ ಎಂಬ ಜರ್ಮನ್ ಯುದ್ಧನೌಕೆ ನವೆಂಬರ್ 9ರಂದೇ ನಾಶವಾಯಿತು. ಅದರ ಹೆಸರು ಮಾತ್ರ ತಮಿಳು, ಮಲಯಾಳಗಳ ಆಡುಮಾತಿನಲ್ಲಿ ಉಳಿಯಿತು. ಹಡಗು ಸಮುದ್ರದ ಪಾಲು, ಸುದ್ದಿ ನಾಲಗೆಯ ಪಾಲು.

ಚಿತ್ರದುರ್ಗಕ್ಕೆ ಈ ಭಾಗ್ಯ ತಪ್ಪಿತು. 1779ರಲ್ಲಿ ಮದಕರಿನಾಯಕನ ದುರ್ಗವು ಹೈದರಾಲಿಯ ವಶವಾದಾಗ ಕನ್ನಡದಲ್ಲಿ ಪತ್ರಿಕೆಯೇ ಇರಲಿಲ್ಲ. ಹರ್ಮನ್ ಮೋಗ್ಲಿಂಗನ ‘ಮಂಗಳೂರ ಸಮಾಚಾರ’ ಹೊರಟದ್ದು 64 ವರ್ಷಗಳ ತರುವಾಯ, 1843ರ ಜುಲೈ 1ರಂದು. ಇದ್ದಿದ್ದರೆ ಏನಾಗುತ್ತಿತ್ತು? ಶ್ರೀರಂಗಪಟ್ಟಣದ ಪತ್ರಿಕೆ ‘ಕೋಟೆ ಇಂದೋ ನಾಳೆಯೋ ಕೈವಶ’ ಎಂದು ತಿಂಗಳುಗಟ್ಟಲೆ ಪ್ರತಿದಿನವೂ ಅಚ್ಚುಹಾಕುತ್ತಿತ್ತು. ದುರ್ಗದ ಪತ್ರಿಕೆ ‘ಶತ್ರುವಿನ ದಂಡು ದಿಕ್ಕಾಪಾಲು’ ಎಂದು ಘೋಷಿಸಿ, ಕೆಳಗೆ ಸಣ್ಣಕ್ಷರದಲ್ಲಿ ‘ಕಾಗದದ ಅಭಾವದಿಂದ ನಾಳೆಯಿಂದ ಅರ್ಧ ಹಾಳೆ’ ಎಂದು ಅರಿಕೆ ಮಾಡಿಕೊಳ್ಳುತ್ತಿತ್ತು. ಪುಣೆಯ ಪತ್ರಿಕೆಯಲ್ಲಿ ‘ದುರ್ಗಕ್ಕೆ ನೆರವು ಹೊರಟಿದೆ’ ಎಂಬ ಒಂದೇ ವಾಕ್ಯ. ನೆರವು ಹೊರಡುತ್ತಲೇ ಇರುತ್ತಿತ್ತು.

ಇವುಗಳ ಪರಂಪರೆಯನ್ನೂ ಊಹಿಸಬಹುದು. ಹೊಳಲ್ಕೆರೆಯ ಸಂಶೋಧಕನೊಬ್ಬ ಆ ಪತ್ರಿಕೆಗಳನ್ನೇ ಆಧಾರವಾಗಿಟ್ಟು, ದುರ್ಗವು ಒಂದೇ ಬೇಸಗೆಯಲ್ಲಿ ಹನ್ನೊಂದು ಸಲ ಬಿದ್ದಿತೆಂದು ಮಹಾಪ್ರಬಂಧ ಬರೆಯುತ್ತಿದ್ದನು. ಹೊಸದುರ್ಗದಲ್ಲಿ ‘ನೆರವು ಹೊರಟ ದಿನ’ದ ಆಚರಣಾ ಸಮಿತಿ ಏಳುತ್ತಿತ್ತು. ವಾಯವ್ಯದಿಂದ ಬರಬೇಕಾದ ಆ ನೆರವು ದುರ್ಗವನ್ನು ದಾಟಿ ಆಗ್ನೇಯದ ಹಿರಿಯೂರಿಗೆ ಹೋಗಿಬಿಟ್ಟಿತೇ ಎಂಬ ಬಗ್ಗೆ ಎರಡು ದಿನಗಳ ವಿಚಾರಸಂಕಿರಣ ನಡೆಯುತ್ತಿತ್ತು.

ಇಂಥ ಸಂಪಾದಕರಿಗೆ ಜೈನ ತರ್ಕಶಾಸ್ತ್ರದಲ್ಲಿ ಮದ್ದಿದೆ, ಅದು ಸ್ಯಾದ್ವಾದ. ಒಂದು ದೃಷ್ಟಿಯಿಂದ ಕೋಟೆ ಬಿದ್ದಿದೆ. ಒಂದು ದೃಷ್ಟಿಯಿಂದ ಬಿದ್ದಿಲ್ಲ. ಒಂದು ದೃಷ್ಟಿಯಿಂದ ಬಿದ್ದೂ ಇದೆ, ಬಿದ್ದೂ ಇಲ್ಲ. ಒಂದು ದೃಷ್ಟಿಯಿಂದ ಅವಕ್ತವ್ಯ. ಏಳು ಭಂಗಗಳನ್ನೂ ಅಚ್ಚುಹಾಕುವ ಪತ್ರಿಕೆಯನ್ನು ಕೊಳ್ಳುವವರು ವಿರಳ, ನಿಜ. ಆದರೆ ಆ ‘ಸ್ಯಾತ್’ ಎಂಬ ಒಂದು ಪದ ತಲೆಬರಹದ ಹಿಂದೆ ನಿಂತಿದ್ದರೆ ಎಷ್ಟೋ ಪತ್ರಿಕೆಗಳ ಮಾನ ಉಳಿಯುತ್ತಿತ್ತು. ಕಂಡಷ್ಟನ್ನು ಕಂಡ ಕಡೆಯಿಂದ ಹೇಳುತ್ತಿದ್ದೇನೆ ಎಂಬ ಒಪ್ಪಿಗೆಯೇ ಅದು, ಹೇಡಿಯ ಮಾತಲ್ಲ.

ತಲೆಬರಹಕ್ಕೂ ಒಳಗಿನ ಬರಹಕ್ಕೂ ಇರುವ ಅಂತರವನ್ನು ಕನ್ನಡ ಕಾವ್ಯ ಸಾವಿರ ವರ್ಷಗಳ ಹಿಂದೆಯೇ ಬಲ್ಲದು. ರನ್ನನ ‘ಗದಾಯುದ್ಧ’ಕ್ಕೆ ‘ಸಾಹಸಭೀಮವಿಜಯ’ವೆಂಬ ಇನ್ನೊಂದು ಹೆಸರಿದೆ. ಅರಸ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದ ಕವಿಗೆ ಆ ಹೆಸರು ಅನಿವಾರ್ಯವಾಗಿತ್ತು. ಆದರೆ ಕಾವ್ಯವನ್ನು ಮುಗಿಸಿದ ಓದುಗನ ಮನಸ್ಸಿನಲ್ಲಿ ನಿಲ್ಲುವವನು, ತನ್ನವರ ಹೆಣಗಳ ನಡುವೆ ಒಬ್ಬನೇ ನಡೆದ ದುರ್ಯೋಧನ. ತಲೆಬರಹ ಗೆದ್ದವನಿಗೆ ಸಂದಿತು, ಕಣ್ಣೀರು ಸೋತವನಿಗೆ. ಕವಿ ಅರಸನಿಗೂ ಸಲ್ಲಬೇಕಾದುದನ್ನು ಸಲ್ಲಿಸಿ, ಸತ್ಯಕ್ಕೂ ದ್ರೋಹವೆಸಗಲಿಲ್ಲ.

ಓಬವ್ವನ ವಿಷಯವೂ ಹೀಗೆಯೇ. ಗಂಡ ಊಟಕ್ಕೆ ಕುಳಿತ ಹೊತ್ತು, ನೀರು ತರಲು ಹೋದ ಹೆಣ್ಣು, ಕಲ್ಲಿನ ಸಂದಿನ ಒಂದು ಕಿಂಡಿ, ಕೈಗೆ ಸಿಕ್ಕ ಒನಕೆ: ಇವುಗಳಲ್ಲಿ ಯಾವುದನ್ನೂ ಯುದ್ಧ ಪತ್ರಿಕೆಯ ಸಂಪಾದಕ ಮೊದಲ ಪುಟಕ್ಕೆ ತಕ್ಕದ್ದೆಂದು ಎಣಿಸುತ್ತಿರಲಿಲ್ಲ. ಅರಮನೆಯವಳಲ್ಲ, ದಳವಾಯಿಯಲ್ಲ, ಕಾವಲುಗಾರನ ಹೆಂಡತಿ. ಅವಳನ್ನು ಉಳಿಸಿದ್ದು ದುರ್ಗದ ಜನರ ಬಾಯಿ. ಆಮೇಲೆ 1972ರ ‘ನಾಗರಹಾವು’ ಚಲನಚಿತ್ರ ಅವಳನ್ನು ನಾಡಿಗೆಲ್ಲ ತೋರಿಸಿತು. ಇಂದು ನವೆಂಬರ್ 11ರಂದು ಸರ್ಕಾರವೇ ಅವಳ ಜಯಂತಿಯನ್ನು ಆಚರಿಸುತ್ತದೆ. ಜನರ ಬಾಯಿಯೂ ಹಿಗ್ಗಿಸಿ ಹೇಳುತ್ತದೆ ಎನ್ನುವವರಿದ್ದಾರೆ. ಆ ಮಾತನ್ನು ತಳ್ಳಿಹಾಕಲಾಗದು. ಆದರೆ ತಲೆಬರಹ ಹಿಗ್ಗಿಸುವುದು ದೊಡ್ಡವರನ್ನು, ಊರಿನ ನೆನಪು ಎತ್ತಿ ಹಿಡಿಯುವುದು ತಲೆಬರಹ ಕಾಣದೆ ಬಿಟ್ಟವರನ್ನು.

ಹಳೆಯ ತಲೆಬರಹಗಳನ್ನು ನೋಡಿ ನಗುವುದು ಸುಲಭ. ಇಂದಿನವನ್ನು ಇಂದೇ ಅನುಮಾನಿಸುವುದು ಕಷ್ಟ. 2025ರ ಮೇ ತಿಂಗಳ ಒಂದು ರಾತ್ರಿ ನಮ್ಮ ದೇಶದ ಕೆಲವು ವಾಹಿನಿಗಳು ಕರಾಚಿ ಬಂದರನ್ನು ಧ್ವಂಸಮಾಡಿ ಮುಗಿಸಿದವು. ಬೆಳಗಾದಾಗ ಬಂದರು ಇದ್ದಲ್ಲಿಯೇ ಇತ್ತು. ಅದೇ ದಿನಗಳಲ್ಲಿ ಗಡಿಯ ಪೂಂಛ್‌ನಲ್ಲಿ ಶೆಲ್ಲುಗಳಿಗೆ ಸಿಕ್ಕಿ ಸತ್ತ ಸಾಮಾನ್ಯರ ಸುದ್ದಿ ಆ ಅಬ್ಬರದಲ್ಲಿ ಅಡಗಿಹೋಯಿತು. ಬೀಳದ ಬಂದರು ನಾಳೆ ನಗೆಗೆ ವಸ್ತುವಾದೀತು. ಸತ್ತವರ ಹೆಸರುಗಳನ್ನು ಯಾರು ನೆನಪಿಟ್ಟುಕೊಳ್ಳುವರು ಎಂಬುದೇ ಓದುಗರೂ ನೋಡುಗರೂ ಕೇಳಿಕೊಳ್ಳಬೇಕಾದ ಪ್ರಶ್ನೆ.