ಖರ್ಚಿನ ಲೆಕ್ಕದಲ್ಲಿ ಕಥೆ ಹೇಳಿದ ಪತ್ತೇದಾರ

ಅಮೆರಿಕದ ರೇಡಿಯೋ ಪತ್ತೇದಾರರಲ್ಲಿ ನನಗೆ ಬಹಳ ಇಷ್ಟವಾದವನು ಜಾನಿ ಡಾಲರ್. ಸಿಬಿಎಸ್ ರೇಡಿಯೋದಲ್ಲಿ 1949ರಲ್ಲಿ ಶುರುವಾದ ‘ಯುವರ್ಸ್ ಟ್ರೂಲಿ, ಜಾನಿ ಡಾಲರ್’ ಸರಣಿಯ ಈ ನಾಯಕ ಪೊಲೀಸನಲ್ಲ. ವಿಮಾ ಕಂಪನಿಗಳ ಪರವಾಗಿ ಅನುಮಾನದ ಕ್ಲೇಮುಗಳ ಬೆನ್ನು ಹತ್ತುವ ತನಿಖೆಗಾರ. ಅವನ ನೆಲೆ ವಿಮಾ ಉದ್ಯಮಕ್ಕೆ ಹೆಸರಾದ ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್. ಪ್ರತಿ ಕಥೆಯೂ ಅವನು ಕಂಪನಿಗೆ ಒಪ್ಪಿಸುವ ಖರ್ಚಿನ ಲೆಕ್ಕವಾಗಿಯೇ ಬಿಚ್ಚಿಕೊಳ್ಳುತ್ತದೆ: ವಿಮಾನಕ್ಕೆ ಇಷ್ಟು, ಟ್ಯಾಕ್ಸಿಗೆ ಇಷ್ಟು, ಹೋಟೆಲ್ ಕೋಣೆಗೆ ಇಷ್ಟು. ಎಂಥ ಜಾಣ ತಂತ್ರ! ಒಂದು ಬಾಬ್ತು ಓದಿದರೆ ಸಾಕು, ಕೇಳುಗ ಆಗಲೇ ಇನ್ನೊಂದು ಊರಿನಲ್ಲಿರುತ್ತಾನೆ. ಪರದೆ ಎಳೆಯಬೇಕಿಲ್ಲ, ವಿವರಣೆ ಕೊಡಬೇಕಿಲ್ಲ. ಈ ಪಾತ್ರಕ್ಕೆ ಹಲವು ನಟರು ದನಿ ಕೊಟ್ಟರು. ಆದರೆ 1955ರಲ್ಲಿ ಬಂದ ಬಾಬ್ ಬೇಲಿ ಅದಕ್ಕೆ ಜೀವ ತುಂಬಿದರು. ನಿರ್ದೇಶಕ ಜಾಕ್ ಜಾನ್‌ಸ್ಟೋನ್ ಆಗ ಕಥೆಯನ್ನು ವಾರಕ್ಕೆ 5 ದಿನ, ದಿನಕ್ಕೆ 15 ನಿಮಿಷದ ಕಂತುಗಳಾಗಿ ಹರಡಿದರು. ಸಾಕ್ಷಿ ಹೇಳುವ ವಿಧವೆಗೂ ಹೋಟೆಲಿನ ಗುಮಾಸ್ತನಿಗೂ ಮಾತಾಡಲು ಬಿಡುವು ಸಿಕ್ಕಿತು. ಬೇಲಿಯವರ ದನಿಯಲ್ಲಿ ಚುರುಕಿನ ಜೊತೆಗೇ ದಣಿವಿದೆ, ಕನಿಕರವಿದೆ; ಅಪರಾಧಿ ಸಿಕ್ಕಿಬಿದ್ದಾಗ ಅವರ ಜಾನಿ ಬೀಗುವುದಕ್ಕಿಂತ ಮರುಗುವುದೇ ಹೆಚ್ಚು. 1962ರ ಸೆಪ್ಟೆಂಬರ್ 30ರಂದು ಸರಣಿ ನಿಂತಿತು. ಅಮೆರಿಕದ ರೇಡಿಯೋ ನಾಟಕದ ಸುವರ್ಣಯುಗ ಮುಗಿದದ್ದೂ ಅಂದೇ ಎಂದು ಅನೇಕರು ಗುರುತಿಸುತ್ತಾರೆ. ನೂರಾರು ಕಂತುಗಳ ಧ್ವನಿಮುದ್ರಣ ಇಂದಿಗೂ ಉಳಿದಿದೆ. ಪಾಡ್‌ಕಾಸ್ಟಿಗೆ ಕಥೆ ಬರೆಯಹೊರಟ ನಮ್ಮ ಹುಡುಗ ಹುಡುಗಿಯರು ಮೊದಲು ಇವನ್ನು ಕೇಳಲಿ: ಕೇಳುಗನ ಬುದ್ಧಿಯನ್ನು ನಂಬಿದರೆ ಎಷ್ಟು ಕಡಿಮೆ ಮಾತಿನಲ್ಲಿ ಎಷ್ಟು ದೊಡ್ಡ ಲೋಕ ಕಟ್ಟಬಹುದೆಂಬುದು ಇಲ್ಲಿ ಕಲಿಯಲು ಸಿಗುತ್ತದೆ.