ಇಗರ್ಜಿಯ ಅಂಗಳದಲ್ಲಿ ಕನ್ನಡ ಲಿಪಿ

ಜಯನಗರದ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವ ನನಗೆ ಕಳೆದ ವರ್ಷ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿಯ ಪ್ರಾರ್ಥನಾ ಪುಸ್ತಕವನ್ನು ತಂದು ತೋರಿಸಿದಳು. ಮಂಗಳೂರಿನ ಕಡೆಯ ಹುಡುಗಿ. ಅಕ್ಷರವೆಲ್ಲ ಕನ್ನಡ, ಒಂದು ಪುಟವನ್ನು ಸರಾಗವಾಗಿ ಓದಿದೆ, ಒಂದು ವಾಕ್ಯದ ಅರ್ಥವೂ ಆಗಲಿಲ್ಲ. ಭಾಷೆ ಕೊಂಕಣಿ. ಪಕ್ಕದಲ್ಲಿದ್ದ ಹುಡುಗನೊಬ್ಬ, “ಹಾಗಾದರೆ ಇದು ಕನ್ನಡದ ಪುಸ್ತಕವೇ, ಅಲ್ಲವೇ, ಸರ್?” ಎಂದ. ಇಷ್ಟು ಸರಳವಾದ ಪ್ರಶ್ನೆಗೆ ನಾನು ಹಿಂದೆಂದೂ ಅಷ್ಟು ತಡವರಿಸಿದ್ದಿಲ್ಲ.

ರಜೆಯಲ್ಲಿ ಮಂಗಳೂರಿಗೆ ಹೋದಾಗಲೂ ಆ ಪ್ರಶ್ನೆ ಬೆನ್ನಿಗಿತ್ತು. ಹಂಪನಕಟ್ಟೆಯ ಜನಜಂಗುಳಿಯ ನಡುವೆ ಮಿಲಾಗ್ರಿಸ್ ಇಗರ್ಜಿ ನಿಂತಿದೆ. ಪೋರ್ಚುಗೀಸ್ ಭಾಷೆಯಲ್ಲಿ ಆ ಹೆಸರಿಗೆ ಪವಾಡಗಳೆಂದು ಅರ್ಥ. ಅಲ್ಲಿಂದ ಇಳಿದು ನಡೆದರೆ, ನೇತ್ರಾವತಿಯೂ ಗುರುಪುರ ನದಿಯೂ ಕೂಡಿ ಕಡಲನ್ನು ಸೇರುವೆಡೆಯ ಹಳೆಯ ಬಂದರು. ಅದರ ಆಸುಪಾಸಿನಲ್ಲಿಯೇ 1568ರಲ್ಲಿ ಪೋರ್ಚುಗೀಸರು ತಳವೂರಿಸಿದ ರೊಜಾರಿಯೊ ಇಗರ್ಜಿ. ಕಪ್ಪಕ್ಕಾಗಿ ಉಳ್ಳಾಲದ ಅಬ್ಬಕ್ಕನೊಡನೆ ಕಾದಾಡಿದ ವರ್ತಕ ಪ್ರಭುಗಳು ಅವರು. ಅವರ ಹಡಗಿನ ನೆರಳಿನಲ್ಲಿ ಹುಟ್ಟಿದ್ದು ರೊಜಾರಿಯೊ.

ಮಿಲಾಗ್ರಿಸಿನ ಕಥೆ ಬೇರೆ. 1680ರಲ್ಲಿ ಅದನ್ನು ಸ್ಥಾಪಿಸಿದ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೊ ಅವರಿಗೆ ಭೂಮಿಯನ್ನಿತ್ತವಳು ಕೆಳದಿಯ ರಾಣಿ ಚೆನ್ನಮ್ಮಾಜಿಯೆಂದು ಇಗರ್ಜಿಯ ಇತಿಹಾಸ ಹೇಳುತ್ತದೆ. ಲಿಂಗಧಾರಿಣಿಯಾದ ಕನ್ನಡದ ರಾಣಿ, ಗೋವೆಯಿಂದ ಬಂದ ಕ್ರೈಸ್ತ ಒಕ್ಕಲಿಗೆ ನೆಲ ಕೊಟ್ಟಳು! ಸರಿಯಾಗಿ ನಾಲ್ಕು ವರ್ಷಗಳ ಅನಂತರ, 1684ರಲ್ಲಿ, ಗೋವೆಯ ಪೋರ್ಚುಗೀಸ್ ಆಡಳಿತ, ಜನರು ಮೂರು ವರ್ಷಗಳೊಳಗೆ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸನ್ನಾಡಬೇಕೆಂದು ಆಜ್ಞೆ ಹೊರಡಿಸಿತು. ಈ ಎರಡು ಇಸವಿಗಳನ್ನು ಒಟ್ಟಿಗಿಟ್ಟು ನೋಡಿದವರಿಗೆ ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ. ಸ್ವಮತದ ದೊರೆ ನಾಲಗೆಯನ್ನು ಕಟ್ಟಹೊರಟಾಗ ಪರಮತದ ರಾಣಿಯ ನಾಡಿನಲ್ಲಿ ಆ ನಾಲಗೆ ಆಡುತ್ತಿತ್ತು.

ನಮ್ಮ ನಾಡು ಎಂದೆಂದೂ ಹಾಗೆಯೇ ಉದಾರವಾಗಿತ್ತೆಂದು ಬೀಗುವಂತಿಲ್ಲ. 1784ರಲ್ಲಿ, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಟಿಪ್ಪು ಸುಲ್ತಾನನು ಕರಾವಳಿಯ ಸಾವಿರಾರು ಕ್ರೈಸ್ತರನ್ನು ಸೆರೆಹಿಡಿಸಿ, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಮಿಲಾಗ್ರಿಸ್ ನೆಲಸಮವಾಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅಸಂಖ್ಯ ಜನ ಅಳಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಉಳಿದವರು ಹಿಂದಿರುಗಿ ಇಗರ್ಜಿಯನ್ನು ಮತ್ತೆ ಕಟ್ಟಿದರು. ಇಂದು ಕಾಣುವ ಕಟ್ಟಡ 1911ರದು. ಈ ಅಧ್ಯಾಯವನ್ನು ಕೆಲವರು ಬಾಯಿಗೇ ತರುವುದಿಲ್ಲ. ಮತ್ತೆ ಕೆಲವರು ಇದೊಂದನ್ನೇ ಹೇಳುತ್ತಾರೆ. ಮರಳಿ ಬಂದವರ ಮೇಲೆ ನಮ್ಮ ದೃಷ್ಟಿ ನಿಲ್ಲಬೇಕೆಂದು ನನಗನ್ನಿಸುತ್ತದೆ. ಹದಿನೈದು ವರ್ಷಗಳ ಬವಣೆಯ ಅನಂತರವೂ ಅವರು ಈ ನೆಲವನ್ನೇ ತಮ್ಮದೆಂದು ತಿಳಿದರಷ್ಟೆ!

ಅವರ ಮಕ್ಕಳು ಮೊಮ್ಮಕ್ಕಳು ಕೊಂಕಣಿಯನ್ನು ಕನ್ನಡ ಅಕ್ಷರಗಳಲ್ಲಿ ಬರೆದರು. 1938ರಲ್ಲಿ ಮಂಗಳೂರಿನಲ್ಲಿ ಆರಂಭವಾದ ‘ರಾಕ್ಣೊ’ ವಾರಪತ್ರಿಕೆ ಆ ಅಕ್ಷರಗಳಲ್ಲಿಯೇ ಬಂದಿತು. ಕಥೆ, ಕಾದಂಬರಿ, ನಾಟಕ, ಹಾಡು ಎಲ್ಲವೂ ಬೆಳೆದವು. ಆದರೆ ಈ ಸಾಹಿತ್ಯದ ಪಾಡು ಎರಡು ಮನೆಯ ನೆಂಟನದು. ಗೋವೆಯ 1987ರ ರಾಜಭಾಷಾ ಕಾಯಿದೆ ಮನ್ನಿಸುವುದು ದೇವನಾಗರಿಯ ಕೊಂಕಣಿಯನ್ನು. ಇತ್ತ ನಮ್ಮ ಕನ್ನಡ ವಿಭಾಗಗಳು ಅದನ್ನು ಪರಭಾಷೆಯೆಂದು ಬದಿಗಿಡುತ್ತವೆ. 1994ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೊಂಕಣಿ ಸಾಹಿತ್ಯ ಅಕಾಡೆಮಿಯಿದೆ, ನಿಜ. ಒಂದು ಅಕಾಡೆಮಿಗೆ ಒಪ್ಪಿಸಿದೆವೆಂದು ಉಳಿದವರೆಲ್ಲ ಕೈತೊಳೆದುಕೊಳ್ಳಲು ಬರುವುದಿಲ್ಲ.

ಲಿಪಿ ಕೊಟ್ಟ ಮಾತ್ರಕ್ಕೆ ಕೊಂಕಣಿ ನಮ್ಮ ಆಸ್ತಿಯಾಗದು. ಹಾಗೆನ್ನುವುದು ಇನ್ನೊಂದು ಬಗೆಯ ದಬ್ಬಾಳಿಕೆ. ನಾನು ಕೇಳುವುದು ಸಣ್ಣ ಮಾತು. ನಮ್ಮ ವಿದ್ಯಾರ್ಥಿಗಳ ಕರಾವಳಿ ಪ್ರವಾಸ ಧರ್ಮಸ್ಥಳ, ಉಡುಪಿಗಳನ್ನು ನೋಡಿ ಮರಳುತ್ತದೆ. ಹಂಪನಕಟ್ಟೆಯಲ್ಲಿ ಒಂದು ಗಂಟೆ ನಿಲ್ಲಲಿ. ಲಿಪಿಯ ಚರಿತ್ರೆಯನ್ನು ಬೋಧಿಸುವಾಗ, ಕನ್ನಡ ಅಕ್ಷರ ಹೊತ್ತ ತುಳು, ಕೊಂಕಣಿಗಳಿಗೂ ಒಂದು ಪಾಠ ಮೀಸಲಾಗಲಿ. ಕಾಲೇಜಿನ ಗ್ರಂಥಾಲಯದಲ್ಲಿ ಅಂಥ ಹತ್ತು ಪುಸ್ತಕಗಳಿರಲಿ.

ಆ ಹುಡುಗನ ಪ್ರಶ್ನೆಗೆ ಈಗ ಉತ್ತರ ಕೊಡಬಲ್ಲೆ: ಪುಸ್ತಕ ಕೊಂಕಣಿಯದು, ಅದನ್ನು ಕಾಪಾಡಬೇಕಾದ ಹೊಣೆ ಕನ್ನಡದ್ದೂ ಹೌದು. ಮುಂದಿನ ವಾರ ಆ ಹುಡುಗಿಯಿಂದಲೇ ತರಗತಿಯಲ್ಲಿ ಒಂದು ಪುಟ ಓದಿಸಿ, ಅರ್ಥ ಹೇಳಿಸಬೇಕೆಂದಿದ್ದೇನೆ. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುತ್ತೇನೆ.