ಗಿರಣಿ ಹೋಯಿತು, ಸಂಸ್ಥೆ ಉಳಿಯಿತು

ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ಸಯನ್‌ನ ನಮ್ಮ ಕನ್ನಡಿಗರ ಮನೆಗಳಲ್ಲಿ ಪ್ರತಿವರ್ಷವೂ ಒಂದೇ ಪ್ರಶ್ನೆ: ಯಾವ ಕೋರ್ಸ್ ಮಾಡಿದರೆ ಬೇಗ ಕೆಲಸ ಸಿಗುತ್ತದೆ? ಪ್ರಶ್ನೆ ತಪ್ಪಲ್ಲ. ಬಾಡಿಗೆ ಹೊಂದಿಸಲು ಹೆಣಗುವವರಿಗೆ ಜ್ಞಾನಕ್ಕಾಗಿ ಜ್ಞಾನವೆಂದು ಉಪದೇಶಿಸುವುದು, ತಿಂಗಳ ಸಂಬಳ ಖಚಿತವಾಗಿರುವ ನನ್ನಂತಹ ಸರ್ಕಾರಿ ನೌಕರನಿಗೆ ಶೋಭಿಸುವುದೂ ಇಲ್ಲ. ಆದರೆ ತಂದೆತಾಯಿಯರ ಈ ಪ್ರಶ್ನೆಯನ್ನೇ ಸಾರ್ವಜನಿಕ ತಾಂತ್ರಿಕ ಸಂಸ್ಥೆಗಳೂ ತಮ್ಮ ಧ್ಯೇಯವಾಗಿಸಿಕೊಂಡರೆ ಅಪಾಯವಿದೆ.

ಪಕ್ಕದ ಮಾಟುಂಗಾದ ವಿಜೆಟಿಐಯನ್ನೇ ನೋಡಿ. 1887ರಲ್ಲಿ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ ಭಾಯಖಳಾದಲ್ಲಿ ಆರಂಭವಾದ ಸಂಸ್ಥೆಯಿದು. 1923ರಲ್ಲಿ ಮಾಟುಂಗಾಕ್ಕೆ ಬಂದು, 1997ರಲ್ಲಿ ವೀರಮಾತಾ ಜೀಜಾಬಾಯಿಯ ಹೆಸರನ್ನು ಪಡೆಯಿತು. ನಗರದ ಬಟ್ಟೆ ಗಿರಣಿಗಳಿಗೆ ನುರಿತ ಜನರನ್ನು ಒದಗಿಸುವುದು ಅದರ ಆರಂಭದ ಮುಖ್ಯ ಕೆಲಸಗಳಲ್ಲೊಂದಾಗಿತ್ತು. ಗಿರಣಿಯ ಕೆಲಸಕ್ಕಿಂತ ಭದ್ರವಾದದ್ದು ಅಂದಿನ ಮುಂಬಯಿಯಲ್ಲಿ ಇನ್ನೇನಿತ್ತು? 1982ರ ಜನವರಿಯಲ್ಲಿ ಮುಷ್ಕರ ಆರಂಭವಾಯಿತು. ಅನಂತರದ ವರ್ಷಗಳಲ್ಲಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ನೆಲದಲ್ಲಿ ಇಂದು ಮಾಲ್ ಇದೆ. ಸಂಸ್ಥೆ ಮಾತ್ರ ಉಳಿಯಿತು. ಕೈಕೆಲಸದ ಜೊತೆಗೆ ಯಂತ್ರದ, ವಿದ್ಯುತ್ತಿನ ಮೂಲತತ್ತ್ವಗಳನ್ನೂ ಕಲಿಸಿದ್ದು, ಡಿಪ್ಲೊಮಾದಿಂದ ಡಾಕ್ಟರೇಟ್‌ವರೆಗೆ ಒಂದೇ ಆವರಣದಲ್ಲಿ ಅವಕಾಶ ಕೊಟ್ಟದ್ದು ಇದಕ್ಕೆ ಕಾರಣವೆಂದು ನನ್ನ ಎಣಿಕೆ.

ಈಗ ರಾಜ್ಯಕ್ಕೊಂದು ಕೌಶಲ್ಯ ವಿಶ್ವವಿದ್ಯಾಲಯವೂ ಬಂದಿದೆ. ರತನ್ ಟಾಟಾ ಅವರ ಹೆಸರನ್ನು ಹೊತ್ತಿದೆ. ಬ್ರಿಟನ್ ತನ್ನ ಪಾಲಿಟೆಕ್ನಿಕ್‌ಗಳಿಗೆ 1992ರಲ್ಲಿಯೇ ವಿಶ್ವವಿದ್ಯಾಲಯದ ಪದವಿ ಕೊಟ್ಟಿತ್ತು. ಫಲಕದ ಬಗ್ಗೆ ನನ್ನ ತಕರಾರಿಲ್ಲ. ಪಠ್ಯವನ್ನು ಯಾರ ಅಗತ್ಯ ನೋಡಿ ಬರೆಯುತ್ತಾರೆ ಎಂಬುದಷ್ಟೇ ಚಿಂತೆ. ತನ್ನಲ್ಲಿರುವ ಯಂತ್ರವನ್ನು ನಡೆಸಲು ಬಂದರೆ ಸಾಕೆನ್ನುವುದು ಉದ್ಯಮಿಯ ಲೆಕ್ಕ, ಅದು ಸಹಜ. ಆ ಯಂತ್ರ ಮೂಲೆಗೆ ಸೇರುವ ಹೊತ್ತಿಗೆ ಇಂದಿನ ಹುಡುಗನಿಗೆ ನಲವತ್ತು ತುಂಬಿ, ಮನೆಸಾಲ ಅರ್ಧ ಉಳಿದಿರುತ್ತದೆ.

ಮುಂಬಯಿ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರಿಗಾಗಿ ಮೊಗವೀರರು, ಬಿಲ್ಲವರು, ಬಂಟರು ರಾತ್ರಿಶಾಲೆಗಳನ್ನು ನಡೆಸಿದರು. ಅಲ್ಲಿ ಹೋಟೆಲಿನ ಗಲ್ಲಾ ಲೆಕ್ಕವನ್ನಷ್ಟೇ ಕಲಿಸಿದ್ದರೆ ಆ ಹುಡುಗರು ಗಲ್ಲಾದ ಹಿಂದೆಯೇ ಉಳಿಯುತ್ತಿದ್ದರು. ಭಾಷೆ, ಇತಿಹಾಸ, ಗಣಿತ ಎಲ್ಲವನ್ನೂ ಕಲಿಸಿದ್ದರಿಂದಲೇ ಅವರಲ್ಲಿ ಕೆಲವರು ಬ್ಯಾಂಕು, ಕಚೇರಿ, ಕಾಲೇಜುಗಳನ್ನು ಸೇರಿದರು. ಸರ್ಕಾರಿ ಹಣದಿಂದ ನಡೆಯುವ ಪಾಲಿಟೆಕ್ನಿಕ್ಕು ಇದಕ್ಕಿಂತ ಕಡಿಮೆಯದನ್ನು ಕೊಡಬಾರದು. ಜೊತೆಗೆ, ಕೆಲಸ ಕಳೆದುಕೊಂಡ ನಲವತ್ತರವನು ಮತ್ತೆ ಬಂದು ಕೂರುವಂತೆ ಸಂಜೆಯ ತರಗತಿಗಳನ್ನೂ ಕಡಿಮೆ ಶುಲ್ಕದಲ್ಲಿ ನಡೆಸಬೇಕು.